ನೀಲವ್ವನ ಮಾಳಿಗೆಯ ಸೋಮವಾರ

ಆ ಊರಿನಲ್ಲಿ ಮೊದಲ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಒಂದು ಆಡು. ಅದು ಹಿತ್ತಲಲ್ಲಿರಲಿಲ್ಲ, ನನ್ನ ತಲೆಯ ಮೇಲಿತ್ತು. ತೊಲೆಗಳ ಸಂದಿನಿಂದ ಹಣೆಯ ಮೇಲೆ ಮಣ್ಣು ಉದುರಿದಾಗ ಮನೆ ಕುಸಿಯಿತೆಂದು ಕಿರುಚಿಕೊಂಡು ಹೊರಗೆ ಓಡಿದೆ. ಪಕ್ಕದ ಮನೆಯ ನೀಲವ್ವ ಅಂಗಳ ಸಾರಿಸುತ್ತಿದ್ದವಳು ತಲೆ ಎತ್ತಿದಳು.

"ಅಂಜಬ್ಯಾಡ್ರಿ ಅಕ್ಕಾರ. ನಮ್ಮ ಆಡು ಅದು. ಮಾಳಿಗಿ ಮ್ಯಾಲ ಹಾದು ಹೊಂಟೈತಿ, ಅಷ್ಟ."

ಮೈಸೂರಿನ ಹೆಂಚಿನ ಮನೆಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಇದು ಅರ್ಥವಾಗಬೇಕಾದರೆ ಸ್ವಲ್ಪ ವಿವರಿಸಬೇಕು. ಇಲ್ಲಿ ಸೂರು ಇಳಿಜಾರಲ್ಲ, ಚಪ್ಪಟೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಒಂದು ಮೊಳ ಮಣ್ಣು. ಅದೇ ಮಾಳಿಗೆ. ಓಣಿಯ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಸಿಕೊಂಡಿರುವುದರಿಂದ ಒಂದು ತುದಿಯಲ್ಲಿ ಹತ್ತಿದ ಆಡು ಇನ್ನೊಂದು ತುದಿಯಲ್ಲಿ ಇಳಿಯಬಹುದು. ಮನುಷ್ಯರೂ ಹಾಗೆಯೇ ಓಡಾಡುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ ನಾನು ಮತ್ತು ನನ್ನ ಗಂಡ ಮೋಹನ ಬಂದಿಳಿದದ್ದು ಶಿರಹಟ್ಟಿಯಿಂದ ಮುಂಡರಗಿಯ ಕಡೆಗೆ ಹೋಗುವ ದಾರಿಯ ಈ ಹಳ್ಳಿಗೆ. ಒಟ್ಟು ಐದು ಕುಟುಂಬಗಳು. ನಮ್ಮನ್ನೆಲ್ಲ ಕಟ್ಟಿಕೊಂಡು ಬಂದವರು ಮೋಹನನಿಗೆ ಕಾಲೇಜಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು. ಪೇಟೆಯನ್ನು ನೆಚ್ಚದೆ, ನೆಲಕ್ಕೆ ಭಾರವಾಗದೆ, ಹತ್ತು ಜನ ಕೂಡಿ ಬದುಕುವ ಊರೊಂದನ್ನು ಕಟ್ಟಬೇಕು, ಅದರ ವಿದ್ಯೆ ನಮ್ಮ ಹಳ್ಳಿಗಳಲ್ಲೇ ಇದೆ ಎಂಬುದು ಅವರ ನಂಬಿಕೆ. ನನ್ನದೂ ಆಗಿತ್ತು. ಈಗಲೂ ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆ ವಿದ್ಯೆ ಇದ್ದದ್ದು ಪಕ್ಕದ ಮನೆಯಲ್ಲಿ, ನಾವು ಹುಡುಕುತ್ತಿದ್ದದ್ದು ನಮ್ಮ ಸಭೆಗಳಲ್ಲಿ ಎಂಬುದಷ್ಟೇ ನನ್ನ ಸಿಟ್ಟು.

ಸಭೆಗಳೋ, ದೇವರೇ ಗತಿ. ಇಲ್ಲಿ ಬೆಳೆಯದ್ದನ್ನು ಇಲ್ಲಿ ತಿನ್ನಬಾರದು ಎಂದು ಮೊದಲ ವಾರವೇ ತೀರ್ಮಾನವಾಯಿತು. ಕಾಫಿ ಹೋಯಿತು. ಹುಟ್ಟಿದಾಗಿನಿಂದ ಕಾಫಿ ಕುಡಿದವಳ ತಲೆನೋವನ್ನು ನೀವೇ ಊಹಿಸಿಕೊಳ್ಳಿ. ನಮ್ಮ ಗೋಡೆಯ ಆಚೆ ನೀಲವ್ವ ಲಕ್ಷ್ಮೇಶ್ವರದ ಸಂತೆಯಿಂದ ತಂದ ಚಹಾಪುಡಿ ಹಾಕಿ, ಬೆಲ್ಲ ಸುರಿದು ದಿನಕ್ಕೆ ಮೂರು ಸಲ ಚಹಾ ಕಾಯಿಸುತ್ತಿದ್ದಳು. ನಾನು ಕದ್ದು ಹೋಗಿ ಕುಡಿಯುತ್ತಿದ್ದೆ. ಆ ಒಲೆಯ ಮುಂದೆ ಕೂತೇ ರೊಟ್ಟಿ ಬಡಿಯಲು ಕಲಿತೆ. ಮೂರು ತಿಂಗಳು ನನ್ನ ರೊಟ್ಟಿ ಅಂಚು ಹರಿದುಕೊಂಡಿತು. ಒಂದು ದಿನ ಹಂಚಿನ ಮೇಲೆ ಅದು ಪೂರ್ತಿ ಉಬ್ಬಿದಾಗ ನೀಲವ್ವ ಗಂಡ ಫಕ್ಕೀರಪ್ಪನನ್ನು ಕೂಗಿ ಕರೆದು ತೋರಿಸಿದಳು. ಮದುವೆಯ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ನಮ್ಮ ಮನೆಗಳು ಓಣಿಯ ತುದಿಯ ಹಳೆಯ ಮನೆಗಳು. ಮಾಳಿಗೆಗೆ ಹೊಸ ಮಣ್ಣು ಹಾಕಬೇಕಿತ್ತು. ಸ್ಥಳೀಯ ವಸ್ತುವನ್ನೇ ಬಳಸಬೇಕು, ಹತ್ತಿರದ್ದೇ ಆಗಬೇಕು ಎಂದರು ಮೇಷ್ಟ್ರು. ಹತ್ತಿರದ್ದೆಂದರೆ ಮನೆಯ ಹಿಂದಿನ ಹೊಲದ ಎರೆಮಣ್ಣು, ಜೋಳ ಬೆಳೆಯುವ ಕಪ್ಪು ಮಣ್ಣು. ಬುಟ್ಟಿ ಬುಟ್ಟಿ ಹೊತ್ತು ಹಾಕಿದೆವು. ಅಂಗೈಯಲ್ಲಿ ಬೊಬ್ಬೆ ಬಂದವು. ಬಿಸಿಲಿಗೆ ಅದು ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಮೊದಲ ಮಳೆಗೆ ನೀರು ಕುಡಿದು ಉಬ್ಬಿ, ಒಂದು ಜಂತಿ ಮುರಿದು, ಕಪ್ಪು ರಾಡಿಯೆಲ್ಲ ನಮ್ಮ ಹಾಸಿಗೆ, ಪುಸ್ತಕ, ಬೇಳೆಯ ಪಾತ್ರೆಯೊಳಗೆ ಇಳಿಯಿತು. ವಾರದೊಳಗೆ ಮಾಳಿಗೆಯ ಮೇಲೆ ಹುಲ್ಲು ಹಸಿರಾಯಿತು.

ನೀಲವ್ವ ಏಣಿ ಹತ್ತಿ ನೋಡಿ, ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಎರಿಮಣ್ಣು ಹಾಕೀರಿ? ಮಾಳಿಗಿ ಮ್ಯಾಲ ಜ್ವಾಳ ಬಿತ್ತಾವ್ರೇನ್ರಿ ನೀವು?"

"ಮತ್ತೆ ಯಾವ ಮಣ್ಣು ಹಾಕಬೇಕು ನೀಲವ್ವ?"

"ಸವಳು ಹಾಕಬೇಕ್ರಿ. ಹಳ್ಳದ ದಂಡ್ಯಾಗ ಬೆಳ್ಳಗ ಬಿದ್ದೈತಿ. ಅದರಾಗ ಹುಲ್ಲು ಹುಟ್ಟೂದಿಲ್ಲ, ನೀರೂ ಇಳ್ಯೂದಿಲ್ಲ. ಕೇಳಾಕ ಏನಾಗಿತ್ರಿ ನಿಮಗ?"

ಕೇಳಬಹುದಿತ್ತು. ಐದು ಮನೆಯ ಓದಿದವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಮಳೆ ಬಿಡುವು ಕೊಟ್ಟ ಸೋಮವಾರ ಓಣಿಯ ಹದಿನೈದು ಜನ ನಮ್ಮ ಮಾಳಿಗೆ ಹತ್ತಿದರು. ಸೋಮವಾರ ಇಲ್ಲಿ ಯಾರೂ ಎತ್ತು ಹೂಡುವುದಿಲ್ಲ, ಬಸವಣ್ಣನಿಗೆ ಬಿಡುವು. ಎತ್ತಿಗೆ ಬಿಡುವೆಂದರೆ ಮನುಷ್ಯರಿಗೆ ಮನೆಗೆಲಸ. ಗಂಡಸರು ಎರೆಮಣ್ಣು ಕೆರೆದು ಕೆಳಗೆ ತಳ್ಳಿದರು, ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಸವಳಿನ ಬುಟ್ಟಿ ದಾಟಿಸಿದರು, ಫಕ್ಕೀರಪ್ಪ ಮರದ ಕೊಡತಿಯಿಂದ ಬಡಿದು ಗಟ್ಟಿ ಮಾಡಿದ. ಊಟದ ಹೊತ್ತಿಗೆ ಮುಗಿದೇ ಹೋಯಿತು. ಮೇಷ್ಟ್ರು ಕೂಲಿಯ ಮಾತು ತೆಗೆದಾಗ ಫಕ್ಕೀರಪ್ಪನ ಮುಖ ಸಣ್ಣದಾಯಿತು.

"ಇದು ಮುಯ್ಯಾಳು ಐತ್ರಿ ಸರ. ಮುಂದಿನ ಸೋಮಾರ ನಮ್ಮ ಮಾಳಿಗಿ ಐತಿ. ನೀವೆಲ್ಲಾರೂ ಬರ್ರಿ, ಅಷ್ಟ ಸಾಕು."

ಮುಯ್ಯಾಳು ಎಂದರೆ ಇದೇ. ನನ್ನ ಕೆಲಸಕ್ಕೆ ನೀನು ಬಂದರೆ ನಿನ್ನ ಕೆಲಸಕ್ಕೆ ನಾನು. ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬಂತು. "ನೋಡಮ್ಮ, ನಾವು ಹುಡುಕ್ತಿದ್ದದ್ದು ಇದನ್ನೇ ಕಣಮ್ಮ. ಇದರ ಬಗ್ಗೆ ನೀನೇ ಬರೀಬೇಕು," ಎಂದರು. ಬರೆದೆ. ಅದನ್ನು ನನ್ನಿಂದ ಓದಿಸಿ ಕೇಳಿಸಲು ಧಾರವಾಡದಿಂದ ಐದಾರು ಜನ ವಿದ್ವಾಂಸರನ್ನು ಕರೆಸಿದರು. ಯಾವ ದಿನಕ್ಕೆ? ಅದೇ ಸೋಮವಾರಕ್ಕೆ.

"ಅವತ್ತು ನೀಲವ್ವನ ಮಾಳಿಗೆ ಇದೆಯಲ್ಲ ಮೇಷ್ಟ್ರೇ," ಎಂದೆ.

"ಅವರದೇನು, ಇನ್ನೊಂದು ದಿನ ಹೋದರಾಯ್ತು. ಅತಿಥಿಗಳಿಗೆ ಹೇಳಿ ಆಗಿದೆಯಲ್ಲ."

ಮಳೆ ಇನ್ನೊಂದು ದಿನ ಬರುತ್ತೇನೆ ಎನ್ನುತ್ತದೆಯೇ? ನಾನು ಜಗಳ ಮಾಡಬೇಕಿತ್ತು. ಮಾಡಲಿಲ್ಲ. ನನ್ನ ಬರಹವನ್ನು ದೊಡ್ಡವರು ಕೇಳುತ್ತಾರೆಂಬ ಆಸೆಯೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ಸೋಮವಾರ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಗೋಡೆಯ ಆಚೆ ಕೊಡತಿಯ ಬಡಿತ ಶುರುವಾಯಿತು. ನಾನು ಪರಸ್ಪರ ನೆರವಿನ ದೇಶೀ ಪರಂಪರೆಯ ಬಗ್ಗೆ ಓದುತ್ತಿದ್ದೆ, ಬಡಿತಕ್ಕೆ ನಮ್ಮ ತೊಲೆಯೂ ಅದುರಿ ಹಾಳೆಯ ಮೇಲೆ ಬಿಳಿ ಧೂಳು ಬೀಳುತ್ತಿತ್ತು. ಒರೆಸಿಕೊಂಡು ಓದಿದೆ. ಅತಿಥಿಯೊಬ್ಬರು, "ಇದೇನು ಗದ್ದಲ, ಸ್ವಲ್ಪ ನಿಲ್ಲಿಸಕ್ಕೆ ಹೇಳಬಹುದೇ?" ಎಂದು ಕೇಳಿದರು. ಮೋಹನ ತಲೆ ತಗ್ಗಿಸಿದ. ನಾನು ಪೂರ್ತಿ ಓದಿದೆ, ಚಪ್ಪಾಳೆಯೂ ಬಿತ್ತು.

ಆಮೇಲೆ ಬುಟ್ಟಿ ಹಿಡಿದು ಓಡಿದೆ. ಕೆಲಸ ಮುಗಿದು ಜನ ಊಟಕ್ಕೆ ಕೂತಿದ್ದರು. ನನ್ನ ಹಿಂದೆಯೇ ನೀಲವ್ವನ ನಾದಿನಿ ಸಾವಕ್ಕ ಬಂದಳು, ಅವಳೂ ತಡವಾಗಿದ್ದಳು.

"ಏನವಾ ಸಾವಕ್ಕ, ಈಗ ಬೆಳಗಾತೇನು ನಿನಗ?" ನೀಲವ್ವ ಹರಿಹಾಯ್ದಳು. "ಉಣ್ಣಾಕ ಬಂದೀ? ನಿನ್ನ ಮಾಳಿಗಿ ಸೋರ್ಲಿ, ನಮ್ಮನಿಯಂವ ಹತ್ತಿದ್ರ ನಾ ಏಣಿ ಕಿತ್ತ್ ಒಗಿತೀನಿ!"

ಎಲ್ಲರೂ ನಕ್ಕರು. ಸಾವಕ್ಕ ಬಾಯಿಗೆ ಬಾಯಿ ಕೊಟ್ಟು, ಬುಟ್ಟಿಯಿಂದ ರೊಟ್ಟಿ ಎಳೆದುಕೊಂಡು ಕೂತಳು. ನಾನು ನನ್ನ ಸರದಿಗೆ ಕಾದು ನಿಂತೆ. ಬೈಸಿಕೊಳ್ಳಲು ಅಷ್ಟು ಆಸೆಪಟ್ಟು ನಾನು ಎಂದೂ ನಿಂತಿರಲಿಲ್ಲ.

ನೀಲವ್ವ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು, ಕಂಬಳಿ ಹಾಸಿದಳು. "ಇರ್ಲಿ ಬಿಡ್ರಿ ಅಕ್ಕಾರ. ನಿಮಗ್ಯಾಕ ಮುಯ್ಯಾಳು? ನೀವು ಓದಿದವ್ರು. ಕುಂಡ್ರಿ, ಊಟಾ ಮಾಡ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ.

ಮೂರು ವರ್ಷದಲ್ಲಿ ಮೂರು ಕುಟುಂಬಗಳು ಹೊರಟವು. ಅವುಗಳಲ್ಲಿ ಮೇಷ್ಟ್ರದ್ದೂ ಒಂದು, ಊರಿಗೆ ಹೋಗಿ ಮೊದಲು ಒಂದು ಲೋಟ ಕಾಫಿ ಕುಡಿಯಬೇಕು ಎಂದು ಕೊನೆಯ ದಿನ ಅವರೇ ಹೇಳಿದರು. ಉಳಿದ ಕುಟುಂಬವೂ ಗದಗಿಗೆ ಹೋಯಿತು. ಮೋಹನನಿಗೆ ಶಿರಹಟ್ಟಿಯಲ್ಲಿ ಶಾಲೆಯ ಕೆಲಸ ಸಿಕ್ಕಿತು, ನಾವು ಮಾತ್ರ ಈ ಓಣಿಯಲ್ಲೇ ನಿಂತೆವು. ಪ್ರತಿ ಬೇಸಿಗೆಯ ಕೊನೆಗೆ ಓಣಿಯವರು ನಮ್ಮ ಮಾಳಿಗೆಗೆ ಸವಳು ಹಾಕಿ ಹೋಗುತ್ತಾರೆ. ಯಾಕೆಂದು ಕೇಳಿದರೆ ಫಕ್ಕೀರಪ್ಪ, "ಪುಣ್ಯದ ಕೆಲಸ ಬಿಡ್ರಿ," ಎನ್ನುತ್ತಾನೆ. ಪ್ರತಿ ವರ್ಷ ನಾನು ಎಲ್ಲರಿಗಿಂತ ಮುಂಚೆ ಬುಟ್ಟಿ ಹಿಡಿದು ಅವರ ಏಣಿಯ ಬುಡದಲ್ಲಿ ನಿಲ್ಲುತ್ತೇನೆ. ಪ್ರತಿ ವರ್ಷ ಯಾರೋ ಒಬ್ಬರು ಬುಟ್ಟಿ ಇಸಿದುಕೊಳ್ಳುತ್ತಾರೆ.

ಕಳೆದ ದೀಪಾವಳಿಗೆ ಮೈಸೂರಿಗೆ ಹೋಗಿದ್ದೆ. ಅಣ್ಣನ ಮನೆಯಲ್ಲಿ ಸೌಟು ಹಿಡಿಯಲು ಹೋದರೆ ಅತ್ತಿಗೆ, "ನೀವ್ಯಾಕೆ, ಅಷ್ಟು ದೂರದಿಂದ ಬಂದಿದ್ದೀರಿ, ಕೂತ್ಕೊಳ್ಳಿ," ಎಂದರು. ಕಾಫಿ ತಂದುಕೊಟ್ಟರು. ಅದು ನನಗೀಗ ಕಹಿ.

ಈ ವರ್ಷ ನಾನು ಯಾರನ್ನೂ ಕೇಳದೆ ನೀಲವ್ವನ ಏಣಿ ಹತ್ತಿದೆ. ಮೇಲೆ ಹೆಂಗಸರ ಸಾಲಿನಲ್ಲಿ ಸಾವಕ್ಕನ ಪಕ್ಕ ನಿಂತು ಕೈ ಚಾಚಿದೆ. ಸಾಲು ನಿಂತಿತು. ಫಕ್ಕೀರಪ್ಪ ಕೊಡತಿ ಕೆಳಗಿಟ್ಟು, "ಅಕ್ಕಾರ ಬಂದಾರ, ಕುಂಡ್ರಾಕ ಏನರ ತರ್ರಿ," ಎಂದು ಕೆಳಗೆ ಕೂಗಿದ. ಊರ ಶಾಲೆಯಿಂದ ಒಂದು ಕುರ್ಚಿ ತಂದು, ಹಗ್ಗ ಕಟ್ಟಿ ಮಾಳಿಗೆಗೆ ಎಳೆದು, ಧೂಳು ಒರೆಸಿ ಇಟ್ಟರು. ನೀಲವ್ವ ಸೆರಗಿನಿಂದ ಅದನ್ನು ಇನ್ನೊಮ್ಮೆ ಒರೆಸಿದಳು.

"ಕುಂಡ್ರಿ ಅಕ್ಕಾರ," ಎಂದಳು. ಕೂತೆ. ನನ್ನ ಮುಂದೆಯೇ ಬುಟ್ಟಿಗಳು ಕೈಯಿಂದ ಕೈಗೆ ದಾಟಿಹೋದವು.