ಎಡ ಎದೆಗಾಗಿ ಒಂದು ಅರ್ಜಿ

ಬರ ಬಿದ್ದ ಎರಡನೆಯ ವರ್ಷ ನನ್ನ ಎಡ ಸ್ತನವನ್ನು ತೆಗೆದರು. ಹೈದರಾಬಾದಿನ ಆಸ್ಪತ್ರೆಯಿಂದ ಬೀದರಿನ ಮೈಲೂರಿನ ಮನೆಗೆ ಬಂದು, ಕಿಮೋ ಮುಗಿಸಿ, ತಲೆಯಲ್ಲಿ ಕೂದಲು ಇನ್ನೂ ಸರಿಯಾಗಿ ಬಾರದಿರುವಾಗಲೇ ಕೆಲಸಕ್ಕೆ ಹೋಗತೊಡಗಿದೆ. ನಾನು ಔರಾದ ತಾಲ್ಲೂಕಿನ ಡಾಬಕಾದಲ್ಲಿ ಶಿಕ್ಷಕಿ. ಅರ್ಧ ತರಗತಿ ಖಾಲಿಯಾಗಿತ್ತು. ಮಕ್ಕಳು ತಂದೆತಾಯಿಯ ಜೊತೆ ಪುಣೆಯ ಕಡೆ ಹೋಗಿದ್ದರು. ಉಳಿದವರು ನೀರಿನ ಟ್ಯಾಂಕರಿನ ಸದ್ದು ಕೇಳಿದರೆ ಪುಸ್ತಕ ಬಿಟ್ಟು ಓಡುತ್ತಿದ್ದರು.

ಒಂದೇ ಕಡೆ ಭಾರವಿರುವ ಮೈ ಹೇಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಬಲಭುಜ ಜಗ್ಗುತ್ತಿತ್ತು, ಕುತ್ತಿಗೆ ನೋಯುತ್ತಿತ್ತು. ಎಷ್ಟು ಸೆರಗು ಹೊದ್ದರೂ ಬಸ್ಸಿನಲ್ಲಿ ಜನರ ಕಣ್ಣು ಅಲ್ಲಿಗೇ ಬರುತ್ತಿತ್ತು. ನಾನು ಆಪಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಅಕ್ಕ ಬಟ್ಟೆ ಹೊಲಿಯುತ್ತಿದ್ದರು. ಒಂದು ದಿನ ಅವರ ಮುಂದೆ ಬಾಯಿ ಬಿಟ್ಟೆ. ಅವರು ಏನೂ ಕೇಳದೆ ಟೇಪು ಹಿಡಿದು ಅಳತೆ ತೆಗೆದುಕೊಂಡರು. ಮರುದಿನ ಮೆತ್ತನೆಯ ಬಟ್ಟೆಯ ಸಣ್ಣ ಚೀಲ ತಂದುಕೊಟ್ಟರು.

“ಹತ್ತಿ ತುಂಬಿದ್ರ ಹಗೂರ ಆಗಿ ಮ್ಯಾಲ ಏರ್ತದ. ಹೆಸರುಕಾಳ ತುಂಬೇನಿ ತಂಗಿ. ತೂಕಕ್ಕ ತೂಕ ಕೂಡ್ತದ ನೋಡು.”

ಕೂಡಿತು. ಆದರೆ ದಿನಾ ಎರಡು ಬಸ್ಸಿನ ಪ್ರಯಾಣ, ಮೇಲೆ ಆ ಬಿಸಿಲು. ಒಗೆದುಕೊಳ್ಳಲು ನೀರಿರಲಿಲ್ಲ, ಬೆವರಿನಲ್ಲಿ ನೆನೆದದ್ದನ್ನೇ ಮತ್ತೆ ತೊಡುತ್ತಿದ್ದೆ. ಒಂದು ಮುಂಜಾನೆ ಚೀಲದಿಂದ ಹುಳಿ ವಾಸನೆ ಬಂತು. ಹೊಲಿಗೆ ಬಿಚ್ಚಿದರೆ ಕಾಳು ಮೊಳಕೆ ಒಡೆದಿದ್ದವು. ಹೊಲದಲ್ಲಿ ಬಿತ್ತಿದ್ದು ಏಳದಿದ್ದ ವರ್ಷ ಅದು. ಬಚ್ಚಲಲ್ಲಿ ಕುಳಿತು ಅತ್ತೆ.

ಅಂದೇ ವಿಮೆಯ ಕಾಗದ ಹುಡುಕಿದೆ. ಶಿಕ್ಷಕರಿಗೆಲ್ಲ ಒಟ್ಟಾಗಿ ಮಾಡಿಸಿದ್ದ ವಿಮೆ. ಸ್ತನ ತೆಗೆದದ್ದಕ್ಕೆ ಕಂಪನಿ ಹಣ ಕೊಟ್ಟಿತ್ತು. ಹೊಟ್ಟೆಯ ಮಾಂಸದಿಂದ ಹೊಸದೊಂದನ್ನು ಕಟ್ಟಬಹುದೆಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ಹಿಡಿದು ಬೀದರಿನ ಕಚೇರಿಗೆ ಹೋದೆ.

“ಇದು ಅಂದ-ಚಂದದ ಆಪರೇಷನ್ ಆಗ್ತದ್ರಿ ಮ್ಯಾಡಂ. ಪಾಲಿಸಿನ್ಯಾಗ ಬರಂಗಿಲ್ರಿ,” ಎಂದರು ಅಲ್ಲಿನ ಅಧಿಕಾರಿ.

“ಆಕ್ಸಿಡೆಂಟಿನ್ಯಾಗ ಮಾರಿ ಹರಿದ್ರ ಸರಿಮಾಡ್ಸಲಿಕ್ಕ ಕೊಡ್ತೀರಲ್ರಿ?”

“ಅದು ಬ್ಯಾರೆರಿ.”

“ಹ್ಯಾಂಗ ಬ್ಯಾರೆ?”

ಅವರು ಚೀಟಿಯಲ್ಲಿ ನನ್ನ ವಯಸ್ಸು ನೋಡಿದರು. “ಮಕ್ಕಳು ದೊಡ್ಡವರಾಗಿರ್ಬೇಕಲ್ರಿ. ಈಗ ಯಾಕ ಬೇಕ್ರಿ ಇದು ನಿಮಗ?”

ಕೋಣೆಯಲ್ಲಿ ಇನ್ನೂ ನಾಲ್ಕು ಮಂದಿ ಇದ್ದರು. ಒಬ್ಬ ತಲೆ ತಗ್ಗಿಸಿ ನಕ್ಕ. ನಾನು ಎದ್ದು ಬಂದೆ.

ಯಜಮಾನರು ಭಾಲ್ಕಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಸಂಜೆ ಅವರಿಗೆ ಹೇಳಿದಾಗ, “ಜೀವ ಉಳದದ, ಸಾಕು ಮಾಡು. ಮಂದಿ ಮುಂದ ಇದನ್ನ ಯಾಕ ಹೇಳ್ಕೋತ ತಿರುಗ್ತಿ?” ಎಂದರು.

“ನಾ ಹೇಳ್ಲಿಲ್ಲಂದ್ರ ಯಾರು ಹೇಳ್ಬೇಕ್ರಿ?”

ನಾನೇ ಅರ್ಜಿ ಬರೆದೆ. ಮೂರು ದಿನದ ಮೇಲೆ ಯಜಮಾನರೇ ಆ ಅರ್ಜಿಯನ್ನು ತಪ್ಪು ತಿದ್ದಿ ಟೈಪು ಮಾಡಿಸಿಕೊಂಡು ಬಂದರು. ಕಂಪನಿ ಎರಡು ಸಲ ನಿರಾಕರಿಸಿತು. ವಿಮೆಯ ತಕರಾರು ಕೇಳುವ ಲೋಕಪಾಲರಿಗೆ ದೂರು ಕೊಟ್ಟೆವು. ಒಂದೂವರೆ ವರ್ಷದ ನಂತರ ಬೆಂಗಳೂರಿಗೆ ವಿಚಾರಣೆಗೆ ಕರೆದರು.

ಅಲ್ಲಿ ಕಂಪನಿಯ ಕಡೆಯವರು ಮತ್ತೆ ಅಂದದ ಮಾತನ್ನೇ ಎತ್ತಿದರು. ನನಗೆ ಕಾನೂನಿನ ಭಾಷೆ ಬರುತ್ತಿರಲಿಲ್ಲ. ಕುತ್ತಿಗೆಯ ನೋವು, ಬಸ್ಸು, ಮೊಳಕೆಯೊಡೆದ ಕಾಳು, ಎಲ್ಲವನ್ನೂ ನಡೆದಂತೆ ಹೇಳಿದೆ. ಟೈಪು ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿದಳು. ಯಜಮಾನರು ಗೋಡೆ ನೋಡುತ್ತ ಕುಳಿತಿದ್ದರು. ಕಾಳಿನ ಸಂಗತಿ ಅವರಿಗೂ ಅಂದೇ ಗೊತ್ತಾದದ್ದು.

ಸ್ತನವನ್ನು ಮರಳಿ ಕಟ್ಟುವುದು ಕ್ಯಾನ್ಸರಿನ ಚಿಕಿತ್ಸೆಯದೇ ಭಾಗ, ಕಂಪನಿ ಭರಿಸಬೇಕು ಎಂದು ಆದೇಶವಾಯಿತು. ಆ ಕಾಗದ ಹಿಡಿದು ಹೈದರಾಬಾದಿಗೆ ಹೋದೆವು. ಆಪರೇಷನ್ನಿಗೆ ಮೊದಲು ಮಾಡಿದ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಮೇಲೆ ಚುಕ್ಕೆಗಳು ಕಂಡವು. ರೋಗ ಹಿಂದಿರುಗಿತ್ತು.

“ಈಗ ಇದು ಬೇಡ,” ಎಂದರು ಡಾಕ್ಟರು. ಈಗ ಅಂದರೆ ಇನ್ನೆಂದಿಗೂ ಬೇಡವೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನ್ನಂತೆಯೇ ಸ್ತನ ಕಳೆದುಕೊಂಡಿದ್ದ ಭಾತಂಬ್ರಾದ ಶಿಕ್ಷಕಿಯೊಬ್ಬಳು ಸುದ್ದಿ ಕೇಳಿ ಆದೇಶದ ಜೆರಾಕ್ಸ್ ಒಯ್ದಳು. ಅದೇ ವಿಮೆ ಅವಳದೂ. ಅವಳಿಗೆ ಮಂಜೂರಾಯಿತು. ಗಾಯ ಮಾಯ್ದ ಮೇಲೆ ನಮ್ಮ ಮನೆಗೆ ಬಂದು, ಬಾಗಿಲು ಹಾಕಿ, ಕುಪ್ಪಸದ ಗುಂಡಿ ಬಿಚ್ಚಿ ತೋರಿಸಿದಳು.

“ಮುಟ್ಟಿ ನೋಡ್ರಿ ಅಕ್ಕಾ. ಹ್ಯಾಂಗ ಆಗ್ಯದ?”

ಮುಟ್ಟಿದೆ. ಬೆಚ್ಚಗಿತ್ತು. “ಚೊಲೋ ಆಗ್ಯದ ತಂಗಿ,” ಎಂದೆ.

ಸುಳ್ಳು ಹೇಳಲಿಲ್ಲ. ಆದರೆ ಅವಳು ಚಹಾ ಕುಡಿದು ಹೋಗುವ ತನಕ ಅವಳ ಮುಖ ನೋಡಲು ನನಗಾಗಲಿಲ್ಲ. ಅವಳು ಹೋದ ಮೇಲೆ ಯಜಮಾನರು ಒಳಗೆ ಬಂದು, “ಏನಂದ್ಲು?” ಎಂದು ಕೇಳಿದರು. “ಖುಷಿಯಾಗ್ಯಾಳ್ರಿ,” ಎಂದೆ. ಹೊಟ್ಟೆಕಿಚ್ಚಿನಲ್ಲೇ ಅವಳು ಕುಡಿದಿಟ್ಟ ಚಹಾದ ಕಪ್ಪು ಎತ್ತಿಕೊಂಡು ತೊಳೆಯಲು ಹೋದೆ.