ಟ್ರಿಪ್ ಲಿವರಿನ ಕಂಕಣ

ಹರಿಹರದ ಪಕ್ಕ, ಗುತ್ತೂರಿನ ಬಳಿಯ ಆ ಕಾರ್ಖಾನೆಯಲ್ಲಿ ಮೈಲಪ್ಪನಷ್ಟು ಮಾತು ಕಡಿಮೆಯಾದ ಮನುಷ್ಯ ಇನ್ನೊಬ್ಬನಿಲ್ಲ. ಮೂವತ್ತು ವರ್ಷದಿಂದ ಟರ್ಬೈನಿನ ಪಕ್ಕ ನಿಂತವನು. ಆ ಗದ್ದಲದಲ್ಲಿ ಮಾತಾಡಿದರೂ ಯಾರಿಗೆ ಕೇಳಬೇಕು? ಕಾರ್ಖಾನೆಗೆ ಬೇಕಾದ ಕರೆಂಟನ್ನು ಆ ಯಂತ್ರವೇ ಹುಟ್ಟಿಸುತ್ತದೆ. ಬಾಯ್ಲರಿನ ಹಬೆ ನುಗ್ಗಿ ಬಂದು ಅದರ ಚಕ್ರಗಳನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿಸುತ್ತದೆ. ಅಷ್ಟೇ ತಿರುಗಿದರೆ ಅನ್ನ, ಮೀರಿ ತಿರುಗಿದರೆ ಯಮ. ಚಕ್ರ ಸಿಡಿದರೆ ಉಕ್ಕಿನ ಚೂರುಗಳು ಚಾವಣಿ ಸೀಳಿಕೊಂಡು ಹೋಗುತ್ತವೆ, ಎದುರಿಗೆ ಸಿಕ್ಕವನ ಹೆಸರು ಕೇಳುವುದಿಲ್ಲ.

ಹಾಗಾಗದಿರಲೆಂದು ಯಂತ್ರದ ಒಂದು ತುದಿಯಲ್ಲಿ ಗೇಣುದ್ದದ ಲಿವರ್ ಇದೆ. ಸುತ್ತು ಮೂರು ಸಾವಿರದ ಮುನ್ನೂರಕ್ಕೆ ಬಂದರೆ ಒಳಗಿನ ಬೋಲ್ಟೊಂದು ತಾನಾಗಿ ಚಿಮ್ಮಿ ಅದಕ್ಕೆ ಬಡಿಯಬೇಕು, ಲಿವರ್ ಬೀಳಬೇಕು, ಹಬೆಯ ದಾರಿ ಧಡ್ಡನೆ ಮುಚ್ಚಬೇಕು. ಕೈಯಿಂದ ಹೊಡೆದರೂ ಅದು ಬೀಳಬೇಕು. ಇದಕ್ಕೆ ಟ್ರಿಪ್ ಲಿವರ್ ಅನ್ನುತ್ತಾರೆ. ದಸರೆಯ ರಜೆ ಮುಗಿಸಿ ಯಂತ್ರ ಶುರು ಮಾಡುವಾಗ, ಬೇಕೆಂದೇ ವೇಗ ಏರಿಸಿ, ಲಿವರ್ ಬೀಳುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ಮೈಲಪ್ಪನ ಕೆಲಸ.

ಅವನಿಗೆ ಮನೆ ಎಂದರೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ಮೇಲಿನ ಕೋಣೆ. ಹೆಂಡತಿ ಮೀನಾಕ್ಷಿ ತೀರಿಕೊಂಡು ಎಂಟು ವರ್ಷ, ಮಕ್ಕಳಿಲ್ಲ. ವಾರದ ದಿನಗಳಲ್ಲಿ ಕೆಳಗೆ ಕೆಮ್ಮುವವರ ಸದ್ದಾದರೂ ಇರುತ್ತದೆ. ಭಾನುವಾರ ಅದೂ ಇಲ್ಲ. ಅವನ ಬದುಕಿನಲ್ಲಿ ಮನುಷ್ಯರ ಹೊತ್ತು ಅಂತ ಇದ್ದದ್ದು ಮಧ್ಯಾಹ್ನದ ಅರ್ಧ ಗಂಟೆ. ಆಗ ಜೊತೆಗಾರ ಫಿಟ್ಟರ್ ಪರಶುರಾಮ ಬುತ್ತಿ ಬಿಚ್ಚುತ್ತಿದ್ದ. ಮೀನಾಕ್ಷಿ ಹೋದ ತಿಂಗಳಿನಿಂದ ಪರಶುರಾಮನ ಹೆಂಡತಿ ಹುಲಿಗೆಮ್ಮ ದಿನಾ ಎರಡು ರೊಟ್ಟಿ ಹೆಚ್ಚಿಗೆ ಕಟ್ಟುತ್ತಿದ್ದಳು.

"ನಮ್ಮನೆಯಾಕಿಗೆ ಎಣಿಸಾಕೆ ಬರಂಗಿಲ್ಲ, ತಗಾ ಮೈಲಣ್ಣ" ಎಂದು ಪರಶುರಾಮ ಎಂಟು ವರ್ಷವೂ ಅದೇ ಸುಳ್ಳು ಹೇಳಿದ. ಮೈಲಪ್ಪ ಎಂಟು ವರ್ಷವೂ ನಂಬಿದವನಂತೆ ತಿಂದ.

ಆಯುಧಪೂಜೆಯ ದಿನ ಯಂತ್ರಕ್ಕೆ ಕಂಕಣ ಕಟ್ಟುವವನೂ ಪರಶುರಾಮನೇ. ಹಳದಿ ದಾರ, ಅದರಲ್ಲೊಂದು ಅರಿಶಿನದ ಕೊಂಬು. ಪ್ರತಿ ವರ್ಷ ಪಕ್ಕದ ಕಟಕಟೆಯ ಕಂಬಿಗೆ ಕಟ್ಟುತ್ತಿದ್ದ. ಕಳೆದ ದಸರೆಗೆ ಕಂಬಿಗೆ ಬಳಿದ ಹೊಸ ಬಣ್ಣ ಒಣಗಿರಲಿಲ್ಲ. ಯಂತ್ರದ ಮೈಗೆ ಕಟ್ಟಿದರೆ, ಮತ್ತೆ ಓಡುವಾಗಿನ ಬಿಸಿಗೆ ದಾರ ಸುಟ್ಟು ಅಪಶಕುನ. ತಣ್ಣಗಿರುವುದು ಟ್ರಿಪ್ ಲಿವರ್ ಒಂದೇ. ಅದಕ್ಕೇ ಸುತ್ತಿ, ಸಡಿಲಾಗದಿರಲೆಂದು ಕೊಂಬನ್ನು ಲಿವರಿನ ಅಡಿಯ ಸಂದಿಗೆ ಒತ್ತಿ ಸಿಕ್ಕಿಸಿ, ಮೇಲೊಂದು ಚೆಂಡುಹೂವಿನ ಮಾಲೆ ಹಾಕಿ ಕೈಮುಗಿದ. ಭಕ್ತಿಗೆ ಕೊರತೆಯಿರಲಿಲ್ಲ, ಬುದ್ಧಿ ಮಾತ್ರ ಆ ಗಳಿಗೆ ಎಲ್ಲಿ ಮೇಯಲು ಹೋಗಿತ್ತೋ.

ಎರಡು ದಿನ ಬಿಟ್ಟು ಬೆಳಿಗ್ಗೆ ಪರೀಕ್ಷೆ. ಮೈಲಪ್ಪ ಮಾಲೆ ತೆಗೆದ. ಪೂಜೆಯ ದಾರ ಅಲ್ಲವೇ ಎಂದು ಅದನ್ನು ಹಾಗೇ ಬಿಟ್ಟ, ಲಿವರಿನ ಅಡಿಗೆ ಕೈ ಹಾಕಿ ನೋಡಲಿಲ್ಲ. ಮ್ಯಾನೇಜರ್ ಮಾಲತೇಶಪ್ಪ ವೇಗ ಏರಿಸುತ್ತಾ ಹೋದರು. ಮೂರು ಸಾವಿರದ ಮುನ್ನೂರು. ಲಿವರ್ ಬೀಳಲಿಲ್ಲ. ಮ್ಯಾನೇಜರ್ ವೇಗ ಇಳಿಸಲು ನೋಡಿದರೂ ಮೀಟರಿನ ಮುಳ್ಳು ಇನ್ನೂ ಏರಿತು. ಮೈಲಪ್ಪ ಅಂಗೈಯಿಂದ ಲಿವರಿಗೆ ಹೊಡೆದ. ಅಲುಗಲಿಲ್ಲ. ಕಾಲಡಿಯ ನೆಲ ನಡುಗತೊಡಗಿತು. ಓಡಬೇಕು ಅನ್ನಿಸಿತು, ಸುಳ್ಳೇಕೆ. ಆದರೆ ಕೈ ತಾನಾಗಿ ಲಿವರಿನ ಅಡಿಗೆ ಹೋಯಿತು, ಬೆರಳಿಗೆ ಕೊಂಬು ಸಿಕ್ಕಿತು. ಉಗುರು ಕಿತ್ತುಬರುವಂತೆ ಎಳೆದ. ಕೊಂಬು ಮುರಿಯಿತು, ಲಿವರ್ ಬಿತ್ತು, ಹಬೆ ನಿಂತಿತು. ಯಂತ್ರ ಸುಮ್ಮನಾಗಲು ಅರ್ಧ ಗಂಟೆ ಹಿಡಿಯಿತು.

"ಯಾರ್ರಿ ಇದನ್ನ ಕಟ್ಟಿದ್ದು?" ಎಂದರು ಮಾಲತೇಶಪ್ಪ. ಮೈಲಪ್ಪ ಮುರಿದ ಕೊಂಬನ್ನು ಎತ್ತಿ ಅವರ ಕೈಗೆ ಕೊಟ್ಟ.

"ಬಾಯಾಗೆ ಹೇಳಾದು ಬ್ಯಾಡ. ಲಾಗ್ ಬುಕ್ಕಿನಾಗೆ ಬರೀರಿ. ಸಂಜೆ ನೋಡ್ತೀನಿ" ಎಂದರು ಮ್ಯಾನೇಜರ್.

ಲಿವರ್ ಬಿಗಿಯಾಗಿತ್ತು, ಸರಿಪಡಿಸಲಾಗಿದೆ ಎಂದು ಒಂದು ಸಾಲು ಗೀಚಬಹುದಿತ್ತು. ಪರಶುರಾಮ ಉಳಿಯುತ್ತಿದ್ದ, ಮಧ್ಯಾಹ್ನವೂ ಉಳಿಯುತ್ತಿತ್ತು. ಮೈಲಪ್ಪ ಪೆನ್ನು ಹಿಡಿದು ಬಹಳ ಹೊತ್ತು ಕೂತ. ಆದರೆ ಇವತ್ತು ಮುಚ್ಚಿಟ್ಟರೆ ಬರುವ ವರ್ಷ ಮತ್ತೊಬ್ಬ ಅಲ್ಲೇ ಕಟ್ಟುತ್ತಾನೆ, ಆಗ ಲಿವರಿನ ಹತ್ತಿರ ಯಾರು ನಿಂತಿರುತ್ತಾರೋ. ಹನ್ನೆರಡು ಗಂಟೆಗೆ ಇದ್ದದ್ದನ್ನೆಲ್ಲ ಬರೆದ. ಕಟ್ಟಿದವನು ಪರಶುರಾಮ, ಅಡಿಗೆ ಕೈ ಹಾಕಿ ನೋಡದೆ ತಪ್ಪಿದವನು ತಾನು ಎಂದೂ ಬರೆದ.

ಒಂದು ಗಂಟೆಗೆ ಪರಶುರಾಮ ಬುತ್ತಿ ಹಿಡಿದು ಬಂದ. ಬೆಳಿಗ್ಗೆಯಿಂದ ದೂರದ ಪಂಪ್ ಹೌಸಿನಲ್ಲಿದ್ದವನಿಗೆ ಏನೂ ಗೊತ್ತಿರಲಿಲ್ಲ.

"ಟೆಸ್ಟ್ ಹೆಂಗಾತು ಮೈಲಣ್ಣ?"

"ಆತು" ಎಂದ ಮೈಲಪ್ಪ. ಇಬ್ಬರೂ ಬದನೆಕಾಯಿ ಪಲ್ಯದ ಜೊತೆ ರೊಟ್ಟಿ ಉಂಡರು.

ಸಂಜೆ ಪರಶುರಾಮನನ್ನು ಕರೆಸಿದರು, ಮರುದಿನವೇ ಫಿಟ್ಟರ್ ಕೆಲಸ ಬಿಡಿಸಿ ಕಲ್ಲಿದ್ದಲಿನ ಅಂಗಳಕ್ಕೆ ಹಾಕಿದರು. ಮೈಲಪ್ಪನಿಗೂ ಒಂದು ನೋಟಿಸ್ ಬಂತು, ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಜೊತೆಗಾರನ ಹೆಸರು ಬರೆದುಕೊಟ್ಟವನು ಅನ್ನುವುದಷ್ಟೇ ಉಳಿಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯಿದೆ. ಇಲ್ಲಿ ಒದೆಯುವುದಕ್ಕೂ ಯಾರೂ ಹತ್ತಿರ ಬರಲಿಲ್ಲ. ಕ್ಯಾಂಟೀನಿನಲ್ಲಿ ಅವನು ಕೂತ ಬೆಂಚು ಖಾಲಿಯಾಗುತ್ತಿತ್ತು. ನಾಲ್ಕು ತಿಂಗಳು ಅವನೊಂದಿಗೆ ಬಾಯಿ ಬಿಟ್ಟು ಮಾತಾಡಿದವರೆಂದರೆ ಹರಿಹರದ ಬಸ್ಸಿನ ಕಂಡಕ್ಟರುಗಳು ಮಾತ್ರ.

ಮಾಘದ ಒಂದು ದಿನ ಕೆಲಸ ಮುಗಿಸಿ ಬಂದಾಗ ಕ್ಲಿನಿಕ್ಕಿನ ಬೆಂಚಿನ ಮೇಲೆ ಹುಲಿಗೆಮ್ಮ ಕೂತಿದ್ದಳು. ಮಂಡಿ ನೋವಂತೆ. ಮುಖ ತಿರುಗಿಸಬಹುದಿತ್ತು, ತಿರುಗಿಸಲಿಲ್ಲ.

"ಕೂಡ್ರಿ ಅಣ್ಣ" ಎಂದಳು. "ಬರೆದಿದ್ದು ತಪ್ಪು ಅನ್ನಲ್ಲ ನಾನು. ಜೀವನೇ ಹೋಗ್ತಿತ್ತು ಅಂತ ಅವರೂ ಅಂತಾರೆ. ಆದ್ರೆ ಬರೆದು ಬಂದು, ನಾನು ಕಟ್ಟಿದ ರೊಟ್ಟಿನ ಅವರ ಜೊತಿಗೆ ಕುಂತು ಉಂಡ್ರಂತಲ್ಲ. ಒಂದು ಮಾತು ಹೇಳಬಾರದಿತ್ತಾ? ಅದೊಂದು ಅವರಿಗೆ ನುಂಗಾಕೆ ಆಗವಲ್ದು."

ಮೈಲಪ್ಪ ತನ್ನ ಅಂಗೈ ನೋಡಿಕೊಂಡ. ಹೇಳಲು ನೆಪಗಳಿದ್ದವು. ಧೈರ್ಯ ಬರಲಿಲ್ಲ ಅನ್ನಬಹುದಿತ್ತು, ಮ್ಯಾನೇಜರ್ ಹೇಳಬ್ಯಾಡ ಅಂದಿದ್ರು ಎಂದು ಸುಳ್ಳು ಹೇಳಬಹುದಿತ್ತು.

"ಹೇಳಿದ್ರೆ ಅವ್ನು ಬುತ್ತಿ ಕಟ್ಕಂಡು ಎದ್ದು ಹೋಗ್ತಿದ್ದ ತಂಗೆವ್ವ" ಎಂದ. "ಅದೇ ಕಡೇ ಊಟ ಅಂತ ನಂಗೆ ಗೊತ್ತಿತ್ತು. ಅದೊಂದು ಉಣ್ಣಾನ ಅಂತ ಸುಮ್ಕಿದ್ದೆ."

ಒಳಗಿನಿಂದ ಹುಲಿಗೆಮ್ಮನ ಹೆಸರು ಕೂಗಿದರು, ಮಂಡಿ ಹಿಡಿದುಕೊಂಡು ಎದ್ದು ಹೋದಳು. ಅವಳು ಹೊರಗೆ ಬರುವಷ್ಟರಲ್ಲಿ ಮೈಲಪ್ಪ ಮೇಲೆ ಹತ್ತಿ ಬಾಗಿಲು ಹಾಕಿಕೊಂಡಿದ್ದ.