ಜೀಪಿಗೆ ಬೇಡವೆಂದ ದೇಣಿಗೆ

ಜಗಳಕ್ಕೆ ನಿಂತರೆ ನನಗೆ ಊಟದ ನೆನಪೂ ಇರುತ್ತಿರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ, ಕಾಲೇಜು ಮುಗಿಸಿ ಬೆಟಗೇರಿಯ ಮನೆಯಲ್ಲಿ ಕೂತಿದ್ದಾಗ, ಅದಕ್ಕೊಂದು ಒಳ್ಳೆಯ ಕಾರಣವೇ ಸಿಕ್ಕಿತು. ಮುಂಬೈಯ ದೊಡ್ಡ ಧರ್ಮಸಂಸ್ಥೆಯೊಂದು ಮುಂಡರಗಿಯಲ್ಲಿ ಕಣ್ಣಿನ ಪೊರೆಯ ಶಿಬಿರ ನಡೆಸಲಿತ್ತು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲೆಲ್ಲ ಅದಕ್ಕೆ ದೇಣಿಗೆ ಎತ್ತುತ್ತಿದ್ದರು. ನಮ್ಮ ನೇಕಾರರ ಓಣಿಯ ರಸೀದಿ ಪುಸ್ತಕ ನನ್ನ ಕೈಗೆ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ!

ಮೊದಲು ಹೋದದ್ದು ಎದುರು ಮನೆಗೆ. ಅಲ್ಲಿದ್ದ ವಿಧವೆಯನ್ನು ಓಣಿಯೆಲ್ಲ ಅತ್ತಿ ಎಂದೇ ಕರೆಯುತ್ತಿತ್ತು. ಗಂಡ ಹೋದ ಮೇಲೆ ಆಕೆಯೇ ಕುಣಿಮಗ್ಗಕ್ಕೆ ಇಳಿದು, ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು. ಈಗ ಎರಡೂ ಕಣ್ಣಿಗೆ ಪೊರೆ. ಹರಿದ ಎಳೆ ಕಾಣದೆ ಬೆರಳಿನಿಂದ ತಡವಿ ಗಂಟು ಹಾಕುತ್ತಿದ್ದಳು. ಕಣ್ಣು ಹೋದರೆ ಮಗ್ಗ ಹೋಯಿತು, ಮಗ್ಗ ಹೋದರೆ ಅನ್ನ. ಶಿಬಿರದ ಪಟ್ಟಿಯಲ್ಲಿ ಆಕೆಯ ಹೆಸರೂ ಇತ್ತು. ಆದರೂ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ಕೊಟ್ಟಳು.

“ಇದು ಕಣ್ಣಿಗೇ ಹೋಗಬೇಕು ನೋಡವ್ವಾ. ದೊಡ್ಡವರ ತಿರುಗಾಟಕ್ಕಲ್ಲ.”

“ನನ್ನ ಮಾತು ಅತ್ತಿ. ಒಂದು ಪೈಸಾನೂ ಆಕಡೆ ಈಕಡೆ ಹೋಗಂಗಿಲ್ಲ,” ಎಂದೆ.

ಹಣ ಒಪ್ಪಿಸಲು ಸಂಸ್ಥೆಯ ಗದಗಿನ ಕಚೇರಿಗೆ ಹೋದರೆ ಬಾಗಿಲಲ್ಲೇ ಹೊಸ ಜೀಪು ಮಿಂಚುತ್ತ ನಿಂತಿತ್ತು. ತಲೆ ಕೆಟ್ಟಿತು. ಜನರ ದುಡ್ಡಿನಲ್ಲಿ ಇವರ ಸವಾರಿ! ಮ್ಯಾನೇಜರರ ಮೇಜಿನ ಮೇಲೆ ಪುಸ್ತಕ ಕುಕ್ಕಿ, “ನಮ್ಮ ಓಣಿ ರೊಕ್ಕ ಜೀಪಿನ ಎಣ್ಣಿಗೆ ಹಾಕಬ್ಯಾಡ್ರಿ. ಹಂಗಂತ ಬರದು ಕೊಡ್ರಿ,” ಎಂದೆ.

“ಅಕ್ಕಾರ, ಆಪರೇಷನ್ ಆದ ಮ್ಯಾಲೂ ಊರೂರು ತಿರುಗಬೇಕಾಗತೈತಿ…” ಎಂದು ಆ ಸಣಕಲು ಮನುಷ್ಯ ಶುರು ಮಾಡಿದರು. ನಾನು ಮುಗಿಸಲು ಬಿಟ್ಟರೆ ತಾನೆ! ಪಾಪ, ಬರೆದು ಸಹಿ ಹಾಕಿಕೊಟ್ಟರು. ಆ ಚೀಟಿಯನ್ನು ಓಣಿಯ ಕಟ್ಟೆಕಟ್ಟೆಗೂ ತೋರಿಸಿಕೊಂಡು ಬಂದೆ.

ಶಿಬಿರ ಚೆನ್ನಾಗಿ ಆಯಿತು. ಅತ್ತಿಯ ಬಲಗಣ್ಣಿನ ಪೊರೆ ತೆಗೆದು ಹೊಲಿಗೆ ಹಾಕಿ, ತಿಂಗಳೊಪ್ಪತ್ತು ಬಗ್ಗಬೇಡ, ಭಾರ ಎತ್ತಬೇಡ ಎಂದು ಹೇಳಿ ಕಳಿಸಿದರು. ಆದರೆ ಮಗ್ಗದ ಮೇಲೆ ಅರ್ಧ ಸೀರೆ ಉಳಿದಿರುವಾಗ ಯಾವ ನೇಕಾರಳಿಗೆ ನಿದ್ದೆ ಬಂದೀತು? ಐದನೆಯ ದಿನವೇ ಕುಣಿಗೆ ಇಳಿದಳು.

“ಕುಂತು ನೇಯೋದು ಬಗ್ಗೋದೇನ? ನೀರಿನ ಕೊಡ ಎತ್ತಿಲ್ಲ ಬಿಡು,” ಎಂದಳು. ನನಗೂ ಅದು ಸರಿಯೆನಿಸಿತು. ಮಗ್ಗವನ್ನು ನಾವ್ಯಾರೂ ಕೆಲಸ ಎಂದೇ ಎಣಿಸುತ್ತಿರಲಿಲ್ಲ; ಅದು ಕೂರುವ ಜಾಗ, ಅಷ್ಟೆ.

ಎಂಟನೆಯ ದಿನ ಮಧ್ಯಾಹ್ನ ಓಣಿಯೊಳಗೆ ಅದೇ ಜೀಪು ಬಂತು. ನರ್ಸಬಾಯಿ ಇಳಿದು ಮನೆಮನೆಯ ಕಣ್ಣು ನೋಡುತ್ತ ಬಂದಳು. ಅತ್ತಿಯ ಕಣ್ಣು ಹಣ್ಣುಮೆಣಸಿನಕಾಯಿಯಷ್ಟು ಕೆಂಪಾಗಿತ್ತು. ನೂಲಿನ ಧೂಳು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

“ಹೊಲಿಗಿ ಬಿಚ್ಚೈತಿ! ಜಲ್ದಿ ಹತ್ತಸ್ರಿ!”

ನಾನೂ ಹಾರಿ ಹತ್ತಿದೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ದಾರಿಯುದ್ದಕ್ಕೂ ಇನ್ನೂ ಜೋರಾಗಿ ಓಡಲಿ ಎಂದು ಜೀಪಿಗೇ ಕೈ ಮುಗಿಯುತ್ತಿದ್ದೆ. ಎಣ್ಣೆ ಸಾಲುತ್ತದೆಯೇ ಎಂದು ಡ್ರೈವರನನ್ನು ಕೇಳಿದೆ.

“ಟಾಕಿ ತುಂಬೈತ್ರಿ. ಲಕ್ಷ್ಮೇಶ್ವರದವರ ರೊಕ್ಕ. ಬೆಟಗೇರಿದು ಮುಟ್ಟಬ್ಯಾಡ ಅಂತ ಚೀಟಿ ಐತಂತ,” ಎಂದ. ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ.

ಎರಡು ದಿನ ತಡವಾಗಿದ್ದರೆ ಕಣ್ಣು ಸಿಗುತ್ತಿರಲಿಲ್ಲ ಎಂದರು ಡಾಕ್ಟರು. ಸಿಕ್ಕಿತು! ತಿಂಗಳ ಮೇಲೆ ದಪ್ಪ ಕನ್ನಡಕ ಏರಿಸಿದ ಅತ್ತಿ ನನ್ನ ಗದ್ದ ಹಿಡಿದು, “ಲೇ, ನಿನ್ನ ಮೂಗಿನ ಮ್ಯಾಲೆ ಮಚ್ಚಿ ಐತಲ್ಲ!” ಎಂದಳು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಆಮೇಲೆ ಕೇಳಿದಳು:

“ಅವತ್ತ ಆ ಜೀಪಿನ್ಯಾಗ ನನ್ನ ಐದು ರೂಪಾಯಿನೂ ಇತ್ತಲ್ಲ?”

ಇರಲಿಲ್ಲ ಎಂದು ನಡೆದದ್ದೆಲ್ಲ ಹೇಳಿದೆ. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅತ್ತಿ ಸೆರಗಿನ ಗಂಟು ಬಿಚ್ಚಿದಳು. ಈ ಸಲ ಬೆರಳಿನಿಂದ ತಡವದೆ, ಕಣ್ಣಿನಿಂದಲೇ ನೋಡಿ, ಐದರ ನೋಟು ತೆಗೆದಳು.

“ಇದು ಎಣ್ಣಿಗೆ. ಹಂಗಂತ ಬರಿಸಿಕೊಂಡು ಬಾ.”